ತಣ್ಣನೆ ಡಬ್ಬಿ

ಪೀಣ್ಯದಿಂದ ಟೆಂಪೋದಲ್ಲಿ ಬರುತ್ತದೆ ದ್ರವ ಸಾರಜನಕ.
ಮುನಿಯಲ್ಲಪ್ಪ ಕ್ಯಾನು ಬಗ್ಗಿಸಿದರೆ
ನೆಲದ ತುಂಬ ಬಿಳಿ ಹೊಗೆ, ಅವನ ಹವಾಯಿ ಚಪ್ಪಲಿ ಮಾಯ.
‘ಇಷ್ಟು ತಂಪು ಯಾರಿಗೆ, ಮೇಡಂ?’

ಡಬ್ಬಿಯೊಳಗಿನ ಕಣ್ಣಿಗೆ.
ನಾವು ಕಾಣದ ಕೆಂಪಿನಾಚೆಯದನ್ನು ಕಾಣುವ ಕಣ್ಣು.
ಬೆಚ್ಚಗಾದರೆ ಸಾಕು,
ತನ್ನ ಮೈಬಿಸಿಯನ್ನೇ ನೋಡುತ್ತ ಕೂತುಬಿಡುತ್ತದೆ.

ಇನ್ನೊಂದು ಕ್ಯಾಮೆರಾದ ಪರದೆ ತೋರಿಸಿದೆ:
ಚಹಾ ಲೋಟ ಉರಿಯುವ ಸೂರ್ಯ,
ಗೋಡೆಯ ಮೇಲೆ
ಆಗಷ್ಟೇ ಒರಗಿದ್ದ ಫಿಲೋಮಿನಾಳ ಬೆನ್ನು,
ಅವಳು ಎದ್ದು ಹೋದಮೇಲೂ.

ದೂರದಲ್ಲಿ ಬೂದಿ ಮುಚ್ಚಿದ ಕೆಂಡದಂಥ ನಕ್ಷತ್ರವಿದೆ, ಎಂದೆ.
ಅದರ ಸೆರಗು ಜಗ್ಗುತ್ತ ಸುತ್ತುವ ಕಲ್ಲುಂಡೆಯೊಂದು ಇದ್ದರೆ
ನಕ್ಷತ್ರ ಆಚೀಚೆ ತೂಗುತ್ತದೆ,
ನೀನು ಕ್ಯಾನು ಹೊತ್ತು ನಡೆಯುವಷ್ಟೇ ನಿಧಾನ.
ಹಿಡಿಯಬೇಕಾದ್ದು ಅದನ್ನೇ.

‘ಅಲ್ಲೂ ಬರೀ ಕಲ್ಲಾ?’
ಕಲ್ಲೇ.
‘ಬೇಗ ಹಿಡೀರಿ ಮತ್ತೆ.
ನಮ್ಮ ಕಡೆ ಬಂಡೇನೆಲ್ಲ ಒಡೆದು ಸೈಟು ಮಾಡವ್ರೆ.’

ರಸೀದಿಗೆ ಸಹಿ ಹಾಕಿಸಿಕೊಂಡು ಹೋದ.
ಕೋರಮಂಗಲದ ಗಲ್ಲಿಯಲ್ಲಿ ಟೆಂಪೋ ರಿವರ್ಸ್ ಹೊಡೆಯಿತು,
ಪರದೆಯ ಗೆರೆ ಸಣ್ಣಗೆ ನಡುಗಿತು.

ಒಂದು ಉಸಿರಿನಷ್ಟು ಹೊತ್ತು
ಗ್ರಹವೆಂದೇ ನಂಬಿದ್ದೆ.