ಕಿವಿಯಳತೆ

ಗುನ್‌ಸಾನ್ ಬಂದರಿನ ಆಸ್ಪತ್ರೆ, ಆರನೇ ಮಹಡಿ,
ಆರು ಹಾಸಿಗೆ, ಆರು ಮುರಿದ ಮೂಳೆ.
ನನ್ನದು ಎಡಸೊಂಟ. ಊರ ಸ್ನಾನದಮನೆಯ ಮೆಟ್ಟಿಲ ಮೇಲೆ
ಸೋಪಿನ ನೀರು ಹೆಪ್ಪುಗಟ್ಟಿತ್ತು, ನಾನು ನೋಡಲಿಲ್ಲ.

ಸಂಜೆ ಏಳಕ್ಕೆ ಇವರ ಫೋನು:
‘ಅನ್ನ ಆಯ್ತು. ಈಗೇನು?’
ನಲವತ್ತೊಂದು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಬೆರಳು,
ಸಾಸಿವೆಗಿಂತ ಸಣ್ಣ ತಿರುಪು ಹಿಡಿದದ್ದು,
ಒಲೆಯ ಗುಂಡಿ ಯಾವ ಕಡೆಗೆ ಅಂತ ಕೇಳುತ್ತದೆ.

ಮೊಬೈಲನ್ನು ಎದೆಯ ಮೇಲಿಟ್ಟು ಸ್ಪೀಕರ್ ಒತ್ತಿದೆ.
ನನ್ನ ಅಡುಗೆಮನೆ ಕಿವಿಯೊಳಗೆ ಬಂದು ನಿಂತಿತು:
ಎರಡು ಸಲ ಎಳೆದರಷ್ಟೇ ಬಿಚ್ಚುವ ಡ್ರಾಯರು,
ಫ್ರಿಜ್ಜಿನ ನಿಟ್ಟುಸಿರು,
ಕುಕ್ಕರಿನೊಳಗಿನ ಆ ಹೆಣ್ಣುದನಿ:
‘ರುಚಿಯಾದ ಅನ್ನ ಸಿದ್ಧವಾಗಿದೆ. ದಯವಿಟ್ಟು ಚೆನ್ನಾಗಿ ಕೆದಕಿ.’
ಅವಳು ನಿನಗಿಂತ ಮರ್ಯಾದೆಯಿಂದ ಮಾತಾಡ್ತಾಳೆ
ಅಂತ ಇವರು ಹೇಳದ ದಿನವಿಲ್ಲ.

‘ಬಾಣಲೆ ಕಾಯಲಿ. ಎಣ್ಣೆ ಒಂದು ಚಮಚ. ಮೊಟ್ಟೆ ಒಡೀರಿ.’
‘ಒಡೆದು ಎಷ್ಟು ಸೆಕೆಂಡು?’
ಅಷ್ಟರಲ್ಲಿ ವಾರ್ಡೇ ಎದ್ದು ಕೂತಿತು, ಏಳಲಾಗದವರೂ.
ಕಿಟಕಿ ಬದಿಯ ಓಕ್‌ಬುನ್: ‘ಎಣ್ಣೆ ಯಾಕೆ? ಮಾರ್ಗರಿನ್ ತುಂಡೊಂದನ್ನ
ಬಿಸಿ ಅನ್ನದ ಹೊಟ್ಟೇಲಿ ಹೂತಿಡಲಿ.’
ಸುನ್‌ಚಾಂಗ್ ಊರಿನವಳು: ‘ಮೆಣಸಿನ ಗೊಜ್ಜಿಲ್ಲದ್ದೂ ಒಂದು ಅನ್ನವೇ?’
ಕಾಲು ಮೇಲಕ್ಕೆ ಕಟ್ಟಿಸಿಕೊಂಡ ಟೀಚರಮ್ಮ:
‘ಹಳದಿ ಹರೀಬೇಕು. ಗಟ್ಟಿಯಾದರೆ ಅದು ಗೋಲಿ.’

ಮೂಲೆಯಲ್ಲಿ ಸೇಬು ಹೆಚ್ಚುತ್ತಿದ್ದ ಆಯಾ, ಯಾನ್‌ಬಿಯನ್ ಕಡೆಯವಳು,
ತಲೆ ಎತ್ತದೆ ಅಂದಳು:
‘ನಮ್ಮನೇಲಿ ಮೊಟ್ಟೆ ಅಂದರೆ ತಮ್ಮನದು.
ನಾನು ಚಿಪ್ಪು ನೆಕ್ತಿದ್ದೆ.’
ಯಾರೂ ಏನೂ ಅನ್ನಲಿಲ್ಲ.
ಆರು ಹಾಸಿಗೆಯಿಂದಲೂ ಒಬ್ಬೊಬ್ಬ ಅಣ್ಣ, ಒಬ್ಬೊಬ್ಬ ತಮ್ಮ
ಬಾಯಿ ಒರೆಸಿಕೊಂಡು ಎದ್ದು ಹೋದ.

ಟಪ್.
‘ಚಿಪ್ಪಿನ ಚೂರು ಬಿತ್ತು.’
‘ತೆಗೀರಿ. ಅಂಗಡಿ ಚಿಮುಟ ಮಾತ್ರ ಬೇಡ.’
‘ಆಗಲೇ ತಗೊಂಡೆ.’

‘ಗಡಿಯಾರ ನೋಡ್ಬೇಡಿ. ಕಿವಿಗಿಟ್ಕೊಂಡು ಕೇಳ್ತೀರಲ್ಲ,
ನಿಂತಿದೆಯೋ ನಡೀತಿದೆಯೋ ಅಂತ, ಹಾಗೆ ಕೇಳಿ.
ಮೊದಲು ಜಗಳ. ಆಮೇಲೆ ಗೊಣಗು.
ಗೊಣಗು ಶುರುವಾದ ಕೂಡಲೆ ಉರಿ ಆರಿಸಿ.’
‘ಗೊಣಗು ನಂಗೊತ್ತು,’ ಅಂದರು.
ಟೀಚರಮ್ಮ ದಿಂಬು ಕಚ್ಚಿಕೊಂಡು ನಕ್ಕಳು.

ಮೊದಲನೇದು ಸೀದುಹೋಯಿತು.
ಬಲಗಿವಿ ಮಂದ ಅಂತ ನನಗೆ ನೆನಪಿರಬೇಕಿತ್ತು.
ಎರಡನೇದಕ್ಕೆ ಎಡಗಿವಿ ಬಗ್ಗಿಸಿದರು. ಎಣ್ಣೆ ಸಿಡಿಯಿತು, ಬೈದರು,
ಬೈಗುಳದ ನಡುವೆಯೂ ನನಗೆ ಕೇಳಿತು:
ಅಂಚು ಮಡಚುವ ಸದ್ದು, ಒಣ ಎಲೆಯ ಹಾಗೆ.
‘ಈಗ!’ ಅಂದೆ. ಆರು ಬಾಯಿ ಒಟ್ಟಿಗೆ ಅಂದವು.

ಅನ್ನದ ಮೇಲೆ ಮೊಟ್ಟೆ. ಸೋಯಾ ಸಾಸ್ ಒಂದು ಚಮಚ,
ಸುತ್ತ ಸುರೀರಿ, ಮೇಲಲ್ಲ.
ಎಳ್ಳೆಣ್ಣೆ ಕೊನೆಗೆ, ಉರಿಯ ಹತ್ತಿರವೂ ಸುಳೀಬಾರದು ಅದು.
ಚಮಚದ ಬೆನ್ನಿಂದ ಹಳದಿ ಒತ್ತಿ. ಹರೀತಾ?
‘ಹರೀತು.’
ಇಲ್ಲಿ ಸ್ಪಿರಿಟ್ಟಿನ ವಾಸನೆಯ ಕೋಣೆಯಲ್ಲಿ
ಆರು ಮೂಗು ಎಳ್ಳನ್ನು ಹುಡುಕಿದವು.

ಆಮೇಲೆ ಬಹಳ ಹೊತ್ತು ಬರೀ ಅಗಿಯುವ ಸದ್ದು.
‘ಹೇಗಿದೆ?’
‘ಕಹಿ. ಸೀದದ್ದನ್ನ ತಿಂತಿದ್ದೀನಿ.’
‘ಇನ್ನೊಂದು?’
‘ತಟ್ಟೆ ಮುಚ್ಚಿಟ್ಟಿದ್ದೀನಿ.’
‘ಯಾರಿಗೆ?’
ಗೋಡೆಯ ಗಡಿಯಾರಗಳಷ್ಟೇ ಮಾತಾಡಿದವು,
ಒಂದಕ್ಕೊಂದು ತಾಳವಿಲ್ಲದೆ.

‘ನಾನು ಬರೋದು ಹನ್ನೆರಡು ದಿನಕ್ಕೆ ರೀ.
ಮೊಟ್ಟೆ ಅಷ್ಟು ದಿನ ಕಾಯಲ್ಲ. ತಿನ್ನಿ.’
ಆಯಾ ಸೇಬಿನ ಹೋಳೊಂದನ್ನು
ನನಗೆ ಕೊಡದೆ ತನ್ನ ಬಾಯಿಗೇ ಹಾಕಿಕೊಂಡಳು.
ತಟ್ಟೆ ಸರಿದ ಸದ್ದು. ಚಮಚ ಬಟ್ಟಲ ತಳ ಮುಟ್ಟಿದ ಸದ್ದು.

ಫೋನು ಆರಿಸಲು ಮರೆತರು.
ನಲ್ಲಿ ಬಿಟ್ಟರು. ಬಾಣಲೆ ಎತ್ತಿದರು. ಆಮೇಲೆ,
ಅಯ್ಯೋ, ಆ ಕರಕರ!
‘ರೀ, ಸ್ಟೀಲಿನ ಉಜ್ಜು ಬೇಡ, ಹೊಸ ನಾನ್‌ಸ್ಟಿಕ್ಕು ಅದು, ರೀ!’
ಬಲಗಿವಿ ಫೋನಿನ ಕಡೆಗಿತ್ತು.
ಉಜ್ಜಿದರು, ಉಜ್ಜಿದರು,
ಫಳಫಳ ಆಗುವವರೆಗೂ ಉಜ್ಜಿದರು.