ಸ್ಯಾಂಪಲ್ ಏಳು

ವರ್ತೂರು ಕೋಡಿಯಲ್ಲಿಳಿದು, ಟ್ಯಾಂಕರುಗಳ ಸಂದಿಯಲ್ಲಿ ನುಸುಳಿ
ಗುಂಡುತೋಪಿನ ಕೆರೆಯೇರಿಗೆ ಹೋದದ್ದು ಎಷ್ಟು ಸಲವೋ.
ಫೀಲ್ಡ್ ಪುಸ್ತಕದಲ್ಲಿದೆ ಲೆಕ್ಕ:
ಮೂರು ವರ್ಷ, ತಿಂಗಳಿಗೆರಡು ಮಂಗಳವಾರ,
ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಐಸಿನ ಡಬ್ಬಿ,
ಬಾಟಲಿಯ ಮೇಲೆ ಅಳಿಸದ ಶಾಯಿ.

ತೂಬಿನ ಕೆಳಗೆ ಪಿಳ್ಳಮ್ಮನ ಮಡಿಗಳು.
ದಂಟು, ಪಾಲಕ್, ಅಂಚಿಗೆ ಸಬ್ಬಸಿಗೆ.
ಸೀರೆ ಎತ್ತಿಕಟ್ಟಿ, ನೊರೆಯನ್ನು ಗುದ್ದಲಿಯಲ್ಲಿ ಅತ್ತ ಸರಿಸಿ
ನೀರು ತಿರುಗಿಸುವಳು.
ನಾನು ಹೊರಟಾಗೆಲ್ಲ ಬಾಳೆನಾರಲ್ಲಿ ಬಿಗಿದ ಒಂದು ಕಟ್ಟು ಕೈಗಿಟ್ಟು
"ಉಪ್ಸಾರು ಮಾಡ್ಕೊ, ಸೊರಗೋಗಿದ್ದೀಯ" ಅನ್ನುವಳು.

ಅದು ಒಲೆಗೆ ಹೋಗಲಿಲ್ಲ.
ಎಪ್ಪತ್ತು ಡಿಗ್ರಿಯಲ್ಲಿ ಎರಡು ದಿನ ಒಣಗಿತು,
ಪುಡಿಯಾಯಿತು, ಆಮ್ಲದಲ್ಲಿ ಕರಗಿತು,
ಎಸ್-೭ ಎಂದಾಯಿತು.
ನಕಾಶೆಯಲ್ಲೊಂದು ಕೆಂಪು ತ್ರಿಕೋನ.

ಹದಿನಾಲ್ಕು ಪುಟದ ಪ್ರಬಂಧ.
ಕೊನೆಯಲ್ಲಿ ಕೃತಜ್ಞತೆ: ಹಣ ಕೊಟ್ಟ ಇಲಾಖೆಗೆ,
ಯಂತ್ರ ಕೊಟ್ಟ ಸಂಸ್ಥೆಗೆ,
ಹೆಸರು ಹೇಳದ ಇಬ್ಬರು ಪರಿಶೀಲಕರಿಗೆ.
ಓದಬೇಕಾದರೆ ಮೂವತ್ತೈದು ಡಾಲರು.
ದಂಟಿನ ಕಟ್ಟಿಗೆ ಆಗ ಹತ್ತು ರೂಪಾಯಿ.
ನಾನಂತೂ ಸೊಪ್ಪು ಕೊಳ್ಳುತ್ತಿದ್ದದ್ದು ಬೇರೆ ಕಡೆ.

ಒಂದು ಮಂಗಳವಾರ ಸೊಂಟಕ್ಕೆ ಕೈಕೊಟ್ಟು ಕೇಳಿದಳು:
"ಅಲ್ಲಮ್ಮೋ, ಮೂರ್ ವರ್ಸದಿಂದ ತುಂಬ್ಕೊಂಡ್ ಓಗ್ತೀಯ,
ಏನಂತು ನೀರು?"

ದೊಡ್ಡ ಹೋಟೆಲಿನ ಸಮ್ಮೇಳನದಲ್ಲಿ
ಪ್ರಮಾಣದೋಷದ ಪ್ರಶ್ನೆಗೆ ನಿಂತಲ್ಲೇ ಉತ್ತರಿಸಿದವಳು ನಾನು.
ಇಲ್ಲಿ ಬಾಯಿ ಒಣಗಿತು.
ಕ್ಯಾಡ್ಮಿಯಂಗೆ ಕನ್ನಡದಲ್ಲಿ ಏನೆನ್ನಲಿ?
ಕೆಲವು ಬ್ಯಾಟರಿಯೊಳಗಿನ ಲೋಹ ಅಂದೆ. ಬೇರು ಕುಡಿಯುತ್ತದೆ ಅಂದೆ.
ಎಲೆಯಲ್ಲಿ ಜಾಸ್ತಿ, ಕಾಯಲ್ಲಿ ಕಮ್ಮಿ.
ವರ್ಷಗಟ್ಟಲೆ ತಿಂದರೆ ಮೂತ್ರಪಿಂಡಕ್ಕೆ ಕೇಡು.

ಅಳಲಿಲ್ಲ, ಬೈಯಲಿಲ್ಲ.
ಮಡಿಯತ್ತ ನೋಡಿ, ಲೆಕ್ಕ ಹಾಕುವಂತೆ ಅಂದಳು:
"ಅವತ್ತೇ ಯೋಳಿದ್ರೆ ಕನಕಾಂಬ್ರ ಆಕ್ತಿದ್ನಲ್ಲ.
ಅದನ್ನ ಯಾರೂ ತಿನ್ನಾಕಿಲ್ಲ."

ನನ್ನ ಹದಿನಾಲ್ಕು ಪುಟಗಳಲ್ಲಿ
ಕನಕಾಂಬರ ಎಂಬ ಪದವೇ ಇರಲಿಲ್ಲ.

ಭಾನುವಾರ ಹಾಲಿನ ಡೈರಿ ಮುಂದೆ ಇಪ್ಪತ್ತು ಮಂದಿ.
ಸ್ಲೈಡುಗಳಿದ್ದವು, ಕರೆಂಟು ಇರಲಿಲ್ಲ.
ಒಳ್ಳೆಯದೇ ಆಯಿತು. ಬೆರಳಲ್ಲಿ ಮಣ್ಣಿನ ಮೇಲೆ ಗೀಚಿದೆ
ಕೆರೆ, ಕಾಲುವೆ, ಮೇಲಿನ ಕಾರ್ಖಾನೆಯ ಕೊಳವೆ.
ನಂಜುಂಡಪ್ಪ ಎದ್ದು ನಿಂತ:
"ನೀವು ಯೋಳಿ ಓಯ್ತೀರ. ನಾಳೆ ಮಾರ್ಕೆಟ್ಟಲ್ಲಿ
ನಮ್ ಸೊಪ್ಪು ಮುಟ್ಟೋರ್ ಯಾರು?"
ಪ್ರಬಂಧವಾಗಿದ್ದರೆ ಬರೆಯುತ್ತಿದ್ದೆ,
ಈ ಕುರಿತು ಹೆಚ್ಚಿನ ಅಧ್ಯಯನ ಅಗತ್ಯ.
ಅಲ್ಲಿ ಇದ್ದದ್ದು ಒಂದೇ ಮಾತು, ಗೊತ್ತಿಲ್ಲ.
ಅಂದೆ. ಬಂದಿದ್ದವರಲ್ಲಿ ಅರ್ಧ ಜನ ಎದ್ದು ಹೋದರು.
ಉಳಿದವರು ಇನ್ನಷ್ಟು ಹತ್ತಿರ ಸರಿದು ಕೂತರು.
ಕೊಳವೆ ಯಾರದೆಂದು ಒಬ್ಬಳು ಕೇಳಿದಳು.
ಅದನ್ನು ನಾನು ಕೇಳಿಯೇ ಇರಲಿಲ್ಲ.

ಮುಂದಿನ ಮಂಗಳವಾರ ಕಟ್ಟು ಕೊಡಲಿಲ್ಲ ಪಿಳ್ಳಮ್ಮ.
ಬಾಟಲಿ ತಾನೇ ಅದ್ದಿ ತುಂಬಿದಳು,
ಮುಚ್ಚಳ ಬಿಗಿದಳು, ನನಗಿಂತ ಚೆನ್ನಾಗಿ.
"ನಂಬರ್ ಯೋಳು" ಅಂದು
ಪಂಪ್ ಮನೆ ಬಾಗಿಲಿಗೆ ಇದ್ದಿಲು ಹಿಡಿದಳು,
ಬರೆದಳು: ೪.೬
ಅಲ್ಲಕ್ಕ, ಚುಕ್ಕಿ ಇನ್ನೂ ಹಿಂದಕ್ಕೆ, ಅದರ ಹಿಂದೊಂದು ಸೊನ್ನೆ.
ಅಷ್ಟು ಕಮ್ಮಿಯಾ? ಅಷ್ಟೂ ಜಾಸ್ತಿಯೇ ಅಕ್ಕ,
ಇರಬಹುದಾದ್ದಕ್ಕಿಂತ ಎರಡು ಪಟ್ಟು.

ಸೆರಗಿನಲ್ಲಿ ಒರೆಸಿ ಮತ್ತೆ ಬರೆದಳು. ೦.೪೬
"ಒಂದ್ ಚುಕ್ಕಿಗೆ ಇಷ್ಟೊಂದಾ?" ಎಂದು ನಕ್ಕು
"ಬುಡು, ರಂಗೋಲಿ ಇಡೋಳಿಗೆ ಗೊತ್ತಿಲ್ವಾ" ಅಂದಳು.