ಮಂಗಳವಾರದ ಮೇಜು

ಶನಿವಾರ ಇದೇ ಕುರ್ಚಿಗೆ ರಾಜ-ಹತ್ತು ಬಂದರೆ ಹಬ್ಬ.
ಎದುರಿಗೆ ನಾಳೆ ಮದುವೆಯಾಗುವ ಹುಡುಗ, ಅವನ ಗೆಳೆಯರು, ಬಿಯರು,
ಏಳು-ಎರಡು ಹಿಡಿದೂ ಹಣ ಸುರಿಯುವ ಧಾರಾಳ.
ನನ್ನ ಡೋನಟ್ ಅಂಗಡಿಯ ಹೊಸ ಬಾಣಲೆ
ಅವರು ಕೊಡಿಸಿದ್ದು, ಅವರಿಗೆ ಗೊತ್ತಿಲ್ಲ.

ಲಾಂಗ್ ಬೀಚಿನ ಹೊರಗಿನ ಈ ಕ್ಲಬ್ಬಿಗೆ
ಮಂಗಳವಾರ ಯಾರೂ ಸುಮ್ಮನೆ ಬರುವುದಿಲ್ಲ.

ಡೆಲ್ಫಿನ್, ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ಅನ್ನ ಬೇಯಿಸಿದವನು,
ಗಂಟೆಗಟ್ಟಲೆ ಎಲೆ ಎಸೆಯುತ್ತ ಕೂರುತ್ತಾನೆ,
ಹಸಿವೆಯೇ ಇಲ್ಲದವನಂತೆ.
ಅರಾಕ್ಸಿ, ಗ್ಲೆಂಡೇಲಿನ ನಿವೃತ್ತ ಗಣಿತದ ಮೇಡಂ,
ನನ್ನ ಎಲೆ ನೋಡಲು ಹವಣಿಸುವುದಿಲ್ಲ,
ನಾನು ಎಲೆ ನೋಡುವುದನ್ನು ನೋಡುತ್ತಾಳೆ.

ಇವರ ಮುಂದೆ ರಾಜ-ಹತ್ತು
ಬಾಡಿಗೆಗೆ ತಂದ ಕೋಟು:
ದೂರಕ್ಕೆ ಚೆಂದ, ತೋಳೆತ್ತಿದರೆ ಹೊಲಿಗೆ ಬಿಡುತ್ತದೆ.

ಮೊದಲ ವರ್ಷ ತಿಳಿಯಲಿಲ್ಲ.
ಗೆದ್ದಾಗ ಚಿಲ್ಲರೆ, ಸೋತಾಗ ನೋಟು.
ಆಮೇಲೆ ಭಯ. ಎಕ್ಕದ ಜೋಡಿಗಾಗಿ
ಕೊಕ್ಕರೆಯಂತೆ ಕಾದೆ ಮೂರು ವಾರ.
ಬಂತು. ಮುಂದಿಟ್ಟೆ.
ಎಂಟು ಜನ ತುಟಿಪಿಟಿಕ್ಕೆನ್ನದೆ ಎಲೆ ಮಗುಚಿಟ್ಟರು.
ಅರಾಕ್ಸಿ ಮಾತ್ರ, "ವನ್ನಾರಿ, ಅಭಿನಂದನೆ. ಏಳು ಡಾಲರ್."

ಹಾಗಾಗಿ ಈಗ ಲೆಕ್ಕ ಬೇರೆ.
ಮೊದಲು ಮಾತಾಡಬೇಕಾದ ಕುರ್ಚಿಯಲ್ಲಿ ನಾನು ಜಿಪುಣಿ.
ಎಲ್ಲರದ್ದೂ ಕೇಳಿ ಕೊನೆಗೆ ಬಾಯಿಬಿಡುವ ಕುರ್ಚಿಯಲ್ಲಿ
ಒಂದೇ ಬಣ್ಣದ ಆರು-ಏಳಕ್ಕೂ ಚಾಪೆ ಹಾಸುತ್ತೇನೆ.
ಬಡ ನೆಂಟರಿವು. ಬೇಗ ಹೊರಟರೆ ಖರ್ಚು ಕಡಿಮೆ,
ಉಳಿದ ದಿನ ಮನೆ ತುಂಬ.

ಕೈ ಬಿಡುವುದನ್ನು ಕಲಿಯಲು ಇಷ್ಟು ವರ್ಷ!
ನೋಡಲು ಚೆಂದದ ಕೈಗಳೇ ಹೆಚ್ಚು ಕೈಕೊಡುವುದು.

ಇವತ್ತು ಹನ್ನೆರಡೂವರೆ. ಎರಡಕ್ಕೆ ಹಿಟ್ಟು ನಾದಬೇಕು.
ಬಂತು ಎಕ್ಕ-ಗುಲಾಮ, ಒಂದು ಆಟೀನು, ಒಂದು ಇಸ್ಪೀಟು.
ನನಗಿಂತ ಮೊದಲೇ, ಮೊದಲ ಕುರ್ಚಿಯಿಂದ,
ಅರಾಕ್ಸಿ ಕನ್ನಡಕ ಒರೆಸುತ್ತ ಇಪ್ಪತ್ತು ಮುಂದಿಟ್ಟಳು.
ಶನಿವಾರದ ಬೆರಳು ಆಗಲೇ ಬಿಲ್ಲೆಯ ಮೇಲಿತ್ತು.
ಮಂಗಳವಾರದ ಬೆರಳು ಅದನ್ನು ಹಿಂದಕ್ಕೆ ಕರೆಯಿತು.
ಮಗುಚಿಟ್ಟೆ.
ಎಲ್ಲರೂ ಮಗುಚಿಟ್ಟರು.
ಅವಳು ತೋರಿಸಲಿಲ್ಲ. ಡೆಲ್ಫಿನ್ ಕೆಮ್ಮಿದ, ಅಷ್ಟೆ.

ಕಾರಿನಲ್ಲಿ, ಕೆಂಪು ದೀಪಕ್ಕೆ ನಿಂತಾಗ ಹೊಳೆಯಿತು:
ಅವಳ ಬಳಿ ಏನೂ ಇಲ್ಲದಿದ್ದಿರಬಹುದು.
ವನ್ನಾರಿ ಈಗ ಬಿಡಲು ಕಲಿತಿದ್ದಾಳೆ
ಎಂಬುದೊಂದೇ ಎಲೆ ಹಿಡಿದು ಆಡಿರಬಹುದು.

ರಸ್ತೆಯಲ್ಲಿ ನರಪಿಳ್ಳೆಯಿಲ್ಲ.
ದೀಪ ಹಸಿರಾಗಿ ಎಷ್ಟು ಹೊತ್ತಾಗಿತ್ತೋ.